ಶಿಖರಜಿಗೆ ನಾಲ್ಕನೆಯ ಪಟ್ಟಿ

ನಮ್ಮ ಜೈನರ ಯಾತ್ರೆಯ ಬೆಟ್ಟವಾದ ಸಮ್ಮೇದ ಶಿಖರಜಿಗೆ ಹೋಗುವ ತಯಾರಿಯ ಪಟ್ಟಿಯನ್ನು ನಾನು ನಾಲ್ಕು ಸಲ ಬರೆದೆ. ಮೊದಲ ಸಲ ನನ್ನ ಪದವಿ ಪರೀಕ್ಷೆ ಅಡ್ಡ ಬಂತು. ಎರಡನೆಯ ಸಲ ಅಪ್ಪನ ಆಪರೇಷನ್. ಮೂರನೆಯ ಸಲ ಮಿರಜದಿಂದ ಹೊರಡುವ ರೈಲಿನಲ್ಲಿ ಜಾಗವೇ ಸಿಗಲಿಲ್ಲ. ನಾಲ್ಕನೆಯದನ್ನು ಬರೆಯುವ ಹೊತ್ತಿಗೆ ನಾನು ಚಿಕ್ಕೋಡಿಯ ಕಾಲೇಜೊಂದರಲ್ಲಿ ಉಪನ್ಯಾಸಕಿಯಾಗಿದ್ದೆ. ಬೇಡಕಿಹಾಳದ ಮನೆಯಿಂದ ದಿನಾ ಬಸ್ಸಿನ ಓಡಾಟ. ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ ಅವ್ವ ಕೇಳುತ್ತಿದ್ದಳು: "ರಜಾದ್ದು ಏನಾತು?"

ಹೋಗಲೇಬೇಕಾದವಳು ಅವಳು. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮೂರಿನಲ್ಲಿ ಚಾತುರ್ಮಾಸಕ್ಕೆ ಉಳಿದಿದ್ದ ಮುನಿ ಮಹಾರಾಜರ ಮುಂದೆ ಅವಳು ಒಂದು ನಿಯಮ ತೆಗೆದುಕೊಂಡಿದ್ದಳು. ಶಿಖರಜಿಯನ್ನು ತನ್ನ ಕಾಲಿನಿಂದ ಏರಿ ದರ್ಶನ ಮಾಡುವ ತನಕ ಬೆಲ್ಲ ಬಾಯಿಗಿಡುವುದಿಲ್ಲ ಎಂದು. ಸುತ್ತಲೂ ಕಬ್ಬು ಬೆಳೆಯುವ ಊರಿನಲ್ಲಿ ಇದ್ದುಕೊಂಡು ಬೆಲ್ಲ ಬಿಟ್ಟಿದ್ದಳು. ಹಬ್ಬಕ್ಕೆ ಹೂರಣ ಅರೆಯುವಾಗ ಸಿಹಿ ಸಾಕೋ ಬೇಕೋ ನೋಡಲು ನನ್ನನ್ನು ಕರೆಯುತ್ತಿದ್ದಳು. ನಾನು ಸಾಕು ಅಂದರೆ ಸಾಕು. ಹತ್ತು ವರ್ಷಕ್ಕೂ ಮಿಕ್ಕಿ ಹೀಗೇ ನಡೆದಿತ್ತು. ಅವಳು ಅದರ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ಆಡಿದ್ದರೆ ನನಗೆ ಇಷ್ಟು ಭಾರ ಅನ್ನಿಸುತ್ತಿರಲಿಲ್ಲವೇನೋ.

ಬೆಟ್ಟ ಏರಲು ಒಂಬತ್ತು ಕಿಲೋಮೀಟರ್. ಮೇಲೆ ತೀರ್ಥಂಕರರ ಪಾದಗಳಿರುವ ಗುಡಿಗಳನ್ನೆಲ್ಲ ಸುತ್ತಲು ಒಂಬತ್ತು, ಇಳಿಯಲು ಮತ್ತೆ ಒಂಬತ್ತು. ನಮ್ಮವರು ಬರಿಗಾಲಲ್ಲಿ ಏರುತ್ತಾರೆ, ದರ್ಶನ ಮುಗಿಯುವ ತನಕ ಏನನ್ನೂ ತಿನ್ನುವುದಿಲ್ಲ. ನನ್ನ ಪಟ್ಟಿಯಲ್ಲಿ ಇದೆಲ್ಲ ಇತ್ತು. ರೈಲಿನಲ್ಲಿ ಹೊತ್ತು ಮುಳುಗುವ ಮೊದಲು ಉಣ್ಣಲು ಎಷ್ಟು ದಿನದ ರೊಟ್ಟಿ, ನೀರು ಸೋಸಲು ಎಷ್ಟು ಬಟ್ಟೆ, ಧರ್ಮಶಾಲೆಯಲ್ಲಿ ಯಾವ ಕೋಣೆ. ಅವ್ವ, ನಾನು, ಪಕ್ಕದ ಮನೆಯ ಕಾಕು, ಹೀಗೆ ಮೂರು ಟಿಕೆಟ್. ಅಪ್ಪ ತಾನು ಬರುವುದಿಲ್ಲವೆಂದು ಮೊದಲೇ ಹೇಳಿದ್ದ.

ನಮ್ಮೂರಿನಲ್ಲಿ ಏರಿ ಅಭ್ಯಾಸ ಮಾಡಲು ಗುಡ್ಡವಿಲ್ಲ. ಜಿನರ ಗುಡಿಯಾದ ಬಸ್ತಿಗೆ ಹನ್ನೊಂದು ಮೆಟ್ಟಿಲುಗಳಿವೆ. ಅವ್ವ ಬೆಳಿಗ್ಗೆ ಪೂಜೆ ಮುಗಿದ ಮೇಲೆ ಜಪಮಾಲೆ ಹಿಡಿದು ಅವನ್ನೇ ಹತ್ತಿ ಇಳಿಯುತ್ತಿದ್ದಳು, ಸಲಕ್ಕೊಂದು ಮಣಿ.

"ಏನಕ್ಕಾ, ಒಳಗ ಹೋದಂಗ ಮಾಡತಿ, ಹೊಳ್ಳಿ ಇಳೀತಿ. ಭಗವಂತಗ ತಲಿ ತಿರಗಾಕತ್ತಿರಬೇಕು" ಎಂದು ಕಾಕು ಕಟ್ಟೆಯ ಮೇಲೆ ಕೂತು ನಗುತ್ತಿದ್ದಳು.

"ನೀನೂ ಜೋಡಿ ಬಾ. ಹೊಟ್ಟಿ ಒಂದೀಟು ಇಳೀತೈತಿ."

ಇಪ್ಪತ್ತು ದಿನಕ್ಕೆ ಅವ್ವನ ಬಲ ಮೊಣಕಾಲು ಊದಿಕೊಂಡಿತು. ನಿಪ್ಪಾಣಿಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, "ಬೆಟ್ಟದ ಮಾತು ಬಿಡ್ರಿ. ಮನ್ಯಾಗಿನ ಮೆಟ್ಟಲಾನೂ ಕಡಿಮಿ ಮಾಡ್ರಿ" ಅಂದರು. ಮನೆಗೆ ಬಂದ ಮೇಲೆ ಅವ್ವ, ಟಿಕೆಟ್ ಮಾತ್ರ ರದ್ದು ಮಾಡಬೇಡ ಅಂದಳು.

ಆಗ ನಾನು ಅವಳನ್ನು ಕೇಳದೆ ಡೋಲಿ ಗೊತ್ತು ಮಾಡಿದೆ. ಏರಲಾರದವರನ್ನು ಕುರ್ಚಿಯಂಥದರಲ್ಲಿ ಕೂರಿಸಿ, ಗಳುವನ್ನು ಹೆಗಲಿಗೇರಿಸಿ ಮೇಲಕ್ಕೆ ಒಯ್ಯುತ್ತಾರೆ. ಧರ್ಮಶಾಲೆಯವರೇ ಡೋಲಿ ಹೊರುವ ಒಬ್ಬನ ನಂಬರ್ ಕೊಟ್ಟರು. ಅವ್ವನ ಒಳ್ಳೆಯದಕ್ಕೆ ಮಾಡಿದೆ ಎಂದು ಆಗ ಅಂದುಕೊಂಡಿದ್ದೆ. ನಿಜವೆಂದರೆ, ಐದನೆಯ ಪಟ್ಟಿ ಬರೆಯುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಬೆಟ್ಟದ ಬುಡದಲ್ಲಿ ನಿಂತ ಮೇಲೆ ಬೇರೆ ದಾರಿ ಕಾಣದೆ ಕೂತುಬಿಡುತ್ತಾಳೆ ಎಂದು ಲೆಕ್ಕ ಹಾಕಿದ್ದೆ. ಪಾಠದ ಹೊತ್ತಿನಲ್ಲಿ ನನ್ನ ಫೋನು ಬಂದ್ ಇರುತ್ತದೆಂದು ಆ ಡೋಲಿಯವನಿಗೆ ಮನೆಯ ನಂಬರನ್ನೂ ಕೊಟ್ಟಿದ್ದೆ. ತಪ್ಪಾದದ್ದು ಅಲ್ಲಿ.

ಅವನ ಫೋನು ಬಂದದ್ದು ಒಂದು ಭಾನುವಾರ ಮಧ್ಯಾಹ್ನ. ನಾನು ಮನೆಯಲ್ಲೇ ಇದ್ದೆ, ಆದರೆ ಎತ್ತಿದವಳು ಅವ್ವ. ಅವಳ ಹಿಂದಿಯಲ್ಲಿ ಮುಕ್ಕಾಲು ಪಾಲು ಮರಾಠಿ. ಸ್ವಲ್ಪ ಹೊತ್ತು ಕೇಳಿ, ಫೋನಿಗೆ ಅಂಗೈ ಮುಚ್ಚಿ ನಮ್ಮ ಕಡೆ ತಿರುಗಿದಳು.

"ಯಾಂವೋ ಒಬ್ಬಾಂವ ನನ್ನ ತೂಕ ಕೇಳಾಕತ್ತಾನಲ್ಲ ಬೇ!"

ಅಕ್ಕಿ ಆರಿಸುತ್ತಿದ್ದ ಕಾಕು ತಲೆ ಎತ್ತದೆ, "ಖರೇ ಹೇಳಬ್ಯಾಡ, ಫೋನ್ ಇಟ್ಟ ಓಡತಾನ" ಅಂದಳು.

ನಾನು ಹೇಳಲೇಬೇಕಾಯಿತು. ತೂಕದ ಮೇಲೆ ಹೊರುವವರು ಇಬ್ಬರೋ ನಾಲ್ವರೋ ಎಂದು ನಿರ್ಧಾರವಾಗುತ್ತದೆ, ಅದಕ್ಕೇ ಕೇಳುತ್ತಿದ್ದಾನೆ ಅಂದೆ. ಕಾಕು ಆರಿಸುವುದನ್ನು ನಿಲ್ಲಿಸಿದಳು. ಅವ್ವ ನನ್ನನ್ನು ಬೈಯಲಿಲ್ಲ. ಫೋನನ್ನು ಮತ್ತೆ ಕಿವಿಗಿಟ್ಟುಕೊಂಡು ಅವನ ಜೊತೆ ಮಾತಿಗಿಳಿದಳು. ನೀವೇ ಹೊರುತ್ತೀರೇನು, ಎಷ್ಟು ವರ್ಷವಾಯಿತು, ವಯಸ್ಸೆಷ್ಟು, ದಿನಕ್ಕೆ ಒಂದೇ ಸಲವೋ ಎಂದು ಒಂದೊಂದಾಗಿ ಕೇಳಿದಳು. ಆ ಕಡೆಯವನೂ ಪುರಸೊತ್ತಾಗಿ ಉತ್ತರ ಕೊಡುತ್ತಿದ್ದಂತಿತ್ತು. ಕೊನೆಗೆ ಏನೋ ಹೇಳಿ ಇಟ್ಟಳು.

"ಅವಂಗೂ ಮೊಣಕಾಲ ನೋವೈತಂತ. ನನಗಿಂತ ಹತ್ತು ವರ್ಷ ಸಣ್ಣಾಂವ. ಸಾಸವಿ ಎಣ್ಣಿ ಕಾಸಿ ಹಚ್ಚರಿ ಅಂತ ನನಗ ಹೇಳಾಕತ್ತಾನ." ಆಮೇಲೆ, "ಬ್ಯಾಡ ಅಂತ ಹೇಳೀನಿ" ಅಂದಳು.

ಅಷ್ಟು ದಿನ ತಡೆದದ್ದು ನನ್ನ ಬಾಯಿಂದ ಬಂದುಬಿಟ್ಟಿತು. "ಹಂಗಾರ ಏರೂದು ಹೆಂಗ? ಡಾಕ್ಟರು ಬ್ಯಾಡ ಅಂತಾರ, ನೀ ಡೋಲಿ ಬ್ಯಾಡ ಅಂತಿ. ನನಗ ಸಾಕಾಗೇತಿ ಅವ್ವ."

"ಸಾಕಾಗಿದ್ದು ಕಾಣ್ತೈತಿ" ಅಂದಳು ಅವ್ವ. "ಮ್ಯಾಲ ಮುಟ್ಟಸು ಅಂತ ನಾ ನಿನಗ ಯಾವಾಗ ಅಂದೀನಿ? ನಿಯಮ ತಗೊಂಡಾಕಿ ನಾ. ಬುಡದ ತನಾ ಕರಕೊಂಡ ಹೋಗು, ಅಷ್ಟ ನಿನ್ನ ಕೆಲಸ. ಅಲ್ಲಿಂದ ಆದಷ್ಟು ಏರತೀನಿ. ಆಗಲಿಲ್ಲ ಅಂದ್ರ ಹೊಳ್ಳಿ ಇಳೀತೀನಿ."

"ನಡುವ ಇಳಿದ್ರ ನಿನ್ನ ಜೋಡಿ ಯಾರು?"

"ನೀ ಅಂತೂ ಅಲ್ಲ. ನೀ ಮ್ಯಾಲ ಹೋಗು."

"ಆಕಿ ಜೋಡಿ ನಾ ಇಳೀತೀನಿ ತಗೋ" ಅಂದಳು ಕಾಕು ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಳ್ಳುತ್ತ. "ನಾ ಹ್ಯಾಂಗೂ ಅರ್ಧಕ್ಕಿಂತ ಮ್ಯಾಲ ಹೋಗಾಕಿ ಅಲ್ಲ. ಇಷ್ಟು ದಿನ ಹೇಳಾಕ ನಾಚಿಕಿ ಬಂದಿತ್ತು."

ನಿಪ್ಪಾಣಿಯಿಂದ ಬಂದ ಮೇಲೆ ಅವ್ವ ಮೊದಲ ಸಲ ನಕ್ಕಳು. ನನಗೆ ನಗು ಬರಲಿಲ್ಲ. ನಾಲ್ಕು ಪಟ್ಟಿಗಳಲ್ಲಿ ಎಲ್ಲರ ಏರುವಿಕೆಯನ್ನೂ ಬರೆದಿದ್ದೆ. ಅರ್ಧದಿಂದ ಮರಳುವುದನ್ನು ಒಂದರಲ್ಲೂ ಬರೆದಿರಲಿಲ್ಲ. ನಾನು ಒಬ್ಬಳೇ ಮೇಲೆ ಹೋಗುವುದಂತೂ ಯಾವುದರಲ್ಲೂ ಇರಲಿಲ್ಲ. ಕಾಲೇಜಿನ ಮೂರನೆಯ ಅಂತಸ್ತಿಗೆ ಹತ್ತುವಷ್ಟರಲ್ಲೇ ನನಗೆ ಏದುಸಿರು ಬರುತ್ತಿತ್ತು. ಒಳಗೆ ಹೋಗಿ ಚಾಪೆ ಹಾಸಿಕೊಂಡು ಮಲಗಿದೆ. ಎಷ್ಟೋ ದಿನಗಳ ಮೇಲೆ ಹಗಲಿನಲ್ಲಿ ನಿದ್ದೆ ಹತ್ತಿತು. ಹೊರಗೆ ಇಬ್ಬರೂ ಎಲ್ಲಿಯ ತನಕ ಏರಿ ಎಲ್ಲಿ ಕೂರಬೇಕೆಂದು, ತಾವು ಎಂದೂ ನೋಡಿರದ ಬೆಟ್ಟದ ಬಗ್ಗೆ, ಜಗಳವಾಡುತ್ತಿದ್ದರು.