ಭರಮಮ್ಮ ಮುಟ್ಟದ ಭಂಡಾರ

ಕಾನಹೊಸಹಳ್ಳಿ ಕಡೆಯಿಂದ ಬಂದ ಡಾಂಬರು ರಸ್ತೆ ಪಾಲಾಕ್ಷಪ್ಪಗೌಡರ ಕಟ್ಟೆ ಮುಟ್ಟಿದ್ದೇ ಸುಸ್ತಾಗಿ ಕೂತುಬಿಡುತ್ತಿತ್ತು. ತಾಲ್ಲೂಕು ಪಂಚಾಯ್ತಿ ಮೆಂಬರಾಗಿ ಅವರೇ ಹಾಕಿಸಿದ್ದು. ಅಲ್ಲಿಂದಾಚೆ ಹಟ್ಟಿಯ ದಾರಿಗೆ ಡಾಂಬರಿರಲಿಲ್ಲ, ಡಂಬಾಚಾರವಿತ್ತು: ಚುನಾವಣೆಗೊಂದು ಗುದ್ದಲಿಪೂಜೆ.

ಹಟ್ಟಿಯ ಭರಮಮ್ಮ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸಿ ಬದುಕಿದವಳು. ಆ ಹುಳಿ ನಾಲಿಗೆಗೂ ಹತ್ತಿತ್ತು. ಮಗಳು ಕನಕಮ್ಮನಿಗೆ ಹೆರಿಗೆ ಬೇನೆ ಬಂದಾಗ ಗೌಡರ ಜೀಪು ಕೇಳಲು ಓಡಿದ್ದಳು.

"ಆ ತಗ್ಗಿನ್ಯಾಗ ಇಳಿದ್ರ ಜೀಪಿನ ಆಕ್ಸಲ್ ಮುರೀತೈತಿ. ಇಲ್ಲಿಗಂಟ ಹೊತ್ಕಂಡು ಬರ್ರಿ," ಅಂದಿದ್ದರು ಗೌಡರು, ಎಲೆಗೆ ಸುಣ್ಣ ಸವರುತ್ತ.

ಕಂಬಳಿಯಲ್ಲಿ ಹೊತ್ತು ತಂದರು. ಮಗಳು ಉಳಿದಳು, ಕೂಸು ದಾರಿಯಲ್ಲೇ ಹೋಯಿತು. ಅವತ್ತಿನಿಂದ ಭರಮಮ್ಮನಿಗೆ ಒಂದೇ ಹಟ: ಈ ಗೌಡನನ್ನು ಕೆಡವಬೇಕು.

ಎರಡು ಸಾವಿರದ ಇಸವಿಯ ಚುನಾವಣೆಗೆ ಗೌಡರು ತಟ್ಟೆಯಲ್ಲಿ ಮೈಲಾರಲಿಂಗನ ಭಂಡಾರ ಹಿಡಿದು ಹಟ್ಟಿಗೆ ಬಂದರು. ಗಂಡಸರೆಲ್ಲ ಆ ಅರಿಶಿನ ಮುಟ್ಟಿ ಓಟಿನ ಆಣೆ ಮಾಡಿದರು. ಹೆಂಗಸರನ್ನು ಕೇಳುವ ವಾಡಿಕೆ ಇರಲಿಲ್ಲ. ಎತ್ತು ಹೋದತ್ತ ಬಂಡಿ ಬರುತ್ತದೆಂಬುದು ಗೌಡರ ಲೆಕ್ಕ.

ಭರಮಮ್ಮನ ಗಂಡ ಓಬಣ್ಣನೂ ಮುಟ್ಟಿ ಬಂದ. "ದೇವ್ರ ಆಣಿ ಲೇ, ಮುರಿಯಾಕ ಬರಂಗಿಲ್ಲ," ಅಂದ ತಲೆ ತಗ್ಗಿಸಿ.

"ಮುರಿ ಅಂದೋರ್ಯಾರು? ನೀ ಅವಂಗ ಹಾಕು. ನನ್ನ ಕೈಗೇನು ಅರಿಶಿಣ ಹತ್ತಿಲ್ಲ."

ಮರುದಿನ ಹುಣಸೆಹಣ್ಣಿನ ರಾಶಿ ಸುತ್ತ ಕೂತ ಹೆಂಗಸರಿಗೂ ಅದನ್ನೇ ಹೇಳಿದಳು. "ಎದುರಿಗೆ ನಿಂತ ಎರ್ರೆಪ್ಪ ರಸ್ತಿ ಮಾಡಸ್ತಾನೇನಬೇ?" ಅಂದಳೊಬ್ಬಳು.

"ರಸ್ತಿ ಮಾತು ಆಮ್ಯಾಲೆ. ಮದ್ಲು ಇವನ್ನ ಮಣ್ಣಿಗೆ ತರಾನು."

ತಂದರು. ಓಟಿನ ಎಣಿಕೆಯಲ್ಲಿ ಸೋತ ಮರುದಿನ ಗೌಡರು ನಡೆದೇ ಹಟ್ಟಿಗೆ ಬಂದರು, ಪಂಚೆ ತುಂಬ ಧೂಳು. "ಆಣಿ ಮುರಿದ ಮಗ ಯಾವನಲೇ?"

ಗಂಡಸರು ಮುಖ ಮುಖ ನೋಡಿಕೊಂಡರು. ಭರಮಮ್ಮ ಹುಣಸೆಹಣ್ಣು ಕುಟ್ಟುವ ಕೊಡತಿ ಕೆಳಗಿಟ್ಟಳು.

"ಅವ್ರು ನಿಮಗ ಹಾಕ್ಯಾರ್ರಿ ಗೌಡ್ರ, ಪಾಪ. ಹಾಕದವ್ರು ನಾವು. ನಮ್ಮ ಮುಂದ ಯಾವಾಗ ಭಂಡಾರದ ತಟ್ಟಿ ಹಿಡಿದಿದ್ರಿ?"

ಗೌಡರಿಗೆ ತಿಳಿಯಿತು. "ಆ ಕೂಸಿಂದು ಇನ್ನೂ ಮನಸಿನ್ಯಾಗ ಇಟ್ಕಂಡೀಯಾ?"

"ಹೆಣ್ಣುಕೂಸ್ರಿ ಅದು. ಇದ್ದಿದ್ರ ಅದೂ ನಿಮಗ ಹಾಕ್ತಿದ್ದಿಲ್ಲ."

"ಎರ್ರೆಪ್ಪನೂ ಇಲ್ಲಿಗೆ ರಸ್ತಿ ತರಂಗಿಲ್ಲ, ನೋಡ್ತಿರು."

"ಗೊತ್ತೈತ್ರಿ," ಅಂದಳು ಭರಮಮ್ಮ, ಕೊಡತಿ ಎತ್ತಿಕೊಂಡು. "ಅವಂಗೂ ಐದು ವರ್ಷ ತುಂಬತಾವಲ್ರಿ."