ಮಾವನ ಜೇಬಿನಲ್ಲಿ ಚಿಪ್

ಕೊಳ್ಳೇಗಾಲದ ನಮ್ಮ ಮನೆಯ ಅಡುಗೆಕೋಣೆ ಪಕ್ಕ ಕೂತು ನಾನು ಸರ್ಕ್ಯೂಟ್ ಬೋರ್ಡ್ ಮಾಡುತ್ತೇನೆ. ಯಳಂದೂರು ಕಡೆಯ ಅಗರದಲ್ಲಿರುವ ಮಾವ ಅದನ್ನು ಹುಡುಗಾಟ ಎನ್ನುತ್ತಿದ್ದರು. ಕರೆಂಟ್ ಬಂದ ಕೂಡಲೇ ತೋಟದ ಮೋಟಾರು ತಾನಾಗಿಯೇ ಶುರುವಾಗುವ ಬೋರ್ಡ್ ಮಾಡಿಕೊಡುತ್ತೇನೆಂದು ಅವರಿಗೆ ದುಂಬಾಲು ಬಿದ್ದೆ. "ಒಂದ್ಸಲ ನೋಡ್ತೀನಿ. ಕೆಟ್ಟೋದ್ರೆ ಅಂಗ್ಡೀದ್ನೇ ತತ್ತೀನಿ" ಅಂದರು. ನನ್ನ ಮಾನ ಆ ಬೋರ್ಡಿನ ಮೇಲೆ ನಿಂತಿತು.

ಬೋರ್ಡನ್ನು ನಡೆಸುವ ಚಿಪ್ಪನ್ನು ನೇರ ಬೆಸೆದುಬಿಟ್ಟರೆ, ಅದು ಸುಟ್ಟ ದಿನ ಇಡೀ ಬೋರ್ಡನ್ನೇ ಎಸೆಯಬೇಕು. ಸಾಕೆಟ್ಟಿನಲ್ಲಿ ಕೂರಿಸಿದರೆ ಕಿತ್ತು ಬೇರೆಯದನ್ನು ಹಾಕಬಹುದು. ಚಪ್ಪಟೆ ಪಿನ್ನಿನ ಸಾಕೆಟ್ ಮೋಟಾರಿನ ಅದುರುವಿಕೆಗೆ ಸಡಿಲವಾದೀತು, ದುಂಡು ಪಿನ್ನಿನದು ಗಟ್ಟಿಯಾಗಿ ಕಚ್ಚಿ ಹಿಡಿಯುತ್ತದೆ. ಹೆಣ್ಣು ನೋಡಲು ಹೋದಾಗಲೂ ನಾನು ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ. ದುಂಡನೆಯದನ್ನೇ ಹಾಕಿ, ಬೋರ್ಡನ್ನು ಮಾವನ ತೋಟದಲ್ಲಿ ಕೂರಿಸಿ ಬಂದೆ.

ಕೆಲವು ದಿನಕ್ಕೇ ಮೋಟಾರು ನಿಂತಿದೆಯೆಂದು ಅತ್ತೆ ಫೋನ್ ಮಾಡಿದರು. ಓಡಿಹೋಗಿ ನೋಡಿದರೆ ಸಾಕೆಟ್ ಖಾಲಿ! ಮಾವ ಹನೂರಿಗೆ ಹೋಗಿದ್ದರು. ಸಿಟ್ಟಿನಲ್ಲಿ ಬೈಕನ್ನು ಅತ್ತ ತಿರುಗಿಸಿದೆ.

ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಅವರು ಚಿಪ್ಪನ್ನು ಅಂಗೈ ಮೇಲಿಟ್ಟುಕೊಂಡು ನಾಲ್ಕು ಜನಕ್ಕೆ ತೋರಿಸುತ್ತಿದ್ದರು. "ನಮ್ಮ ಅಳಿಮಯ್ಯ ಮಾಡಿರದು ಕಣ್ಲಾ. ಈ ಜರಿಹುಳಾನ ಕಿತ್ರೆ ಮೋಟ್ರು ಉಸ್ರೆತ್ತಕಿಲ್ಲ!"

ಕಿತ್ತ ರಭಸಕ್ಕೆ ಅದರ ಕಾಲೆಲ್ಲ ಸೊಟ್ಟಗಾಗಿತ್ತು. ತೋಟ ಬಿಟ್ಟು ಹೊರಡುವಾಗ ಬೇರೆಯವರು ಮೋಟಾರು ಹಾಕದಂತೆ ಫ್ಯೂಸ್ ಕಿತ್ತು ಜೇಬಿಗಿಳಿಸುವುದು ನಮ್ಮ ಕಡೆ ಎಲ್ಲರ ಅಭ್ಯಾಸ.

"ಫ್ಯೂಸ್ ಬುಟ್ಟು ಇದ್ನ ಯಾಕೆ ಕಿತ್ರಿ ಮಾವ?"

"ಫ್ಯೂಸಾದ್ರೆ ಯಾವನ್ ಬೇಕಾದ್ರೂ ತಂತಿ ಸುತ್ಕತಾನೆ. ಇದು ಯಾರತ್ರ ಅದೆ?"

ಮದುವೆಯಾದಾಗಿನಿಂದ ಅವರ ಬಾಯಲ್ಲಿ ನನ್ನ ಹೊಗಳಿಕೆ ಕೇಳಿದ್ದು ಅದೇ ಮೊದಲು. ಸಿಟ್ಟು ಮರೆತು ಅವರಿಗೆ ಇನ್ನೊಂದು ಟೀ ಹೇಳಿದೆ. ಬೋರ್ಡೆಲ್ಲ ನಾನೇ ಮಾಡಿದ್ದು, ಆ ಚಿಪ್ ಒಂದನ್ನು ಮಾತ್ರ ಕೊಂಡು ತಂದಿದ್ದೆ. ಅದನ್ನು ಹೇಳಲು ನಾನೇನು ದಡ್ಡನೇ?

ಮಾರನೆಯ ದಿನ ನನ್ನ ಟೇಬಲ್ಲಿನ ಮೇಲೆ ಚಿಪ್ ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಪುಟ್ಟ ಸನ್ನೆಗೋಲಿನ ಸಾಕೆಟ್ಟನ್ನೇ ಬಿಚ್ಚಿ ಅವರ ಬೋರ್ಡಿಗೆ ಬೆಸೆದೆ. ಸನ್ನೆ ಎತ್ತಿದರೆ ಚಿಪ್ ಹೂವಿನಂತೆ ಕೈಗೆ ಬರುತ್ತದೆ. ಈಗ ಮಾವ ಕರೆಂಟ್ ಬಂದಾಗಲೆಲ್ಲ ತೋಟಕ್ಕೆ ನಡೆದುಹೋಗಿ, ಚಿಪ್ ಕೂರಿಸಿ, ಮೋಟಾರು ತಾನಾಗಿಯೇ ಶುರುವಾಗುವುದನ್ನು ನಿಂತು ನೋಡಿ ಬರುತ್ತಾರೆ.

ಚಿಪ್ ಹೇಗೂ ಜೇಬಿನಲ್ಲಿರುತ್ತದೆ, ಬೋರ್ಡಿಗೂ ಒಂದು ಬೀಗದ ಪೆಟ್ಟಿಗೆ ಮಾಡಿಸೋಣವೆಂದು ಮೊನ್ನೆ ಹೇಳಿದೆ.

"ಅಯ್ಯೋ, ಅದು ಅಲ್ಲೇ ಬಿದ್ದಿರ್ಲಿ ಬುಡಿ ಅಳಿಮಯ್ಯ" ಅಂದರು. "ಅದ್ನ ಯಾರು ಕದ್ದಾರು?"