ಅತ್ತಿಗೆಯ ಎತ್ತರಕ್ಕೊಂದು ಕಳೆ ಯಂತ್ರ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬದುವಿನ ಮೇಲೆ ಚಪ್ಪಲಿ ಬಿಟ್ಟು ಕಿಡಿಯಕ್ಕ ಭತ್ತದ ಗದ್ದೆಯ ಕೆಸರಿಗೆ ಇಳಿಯುತ್ತಾಳೆ. ಹೊಸ ಕಳೆ ಯಂತ್ರ ಬದುವಿನ ಮೇಲೇ ಕಾದಿದೆ. ಮೊದಲು ಇಳಿಯಬೇಕಾದದ್ದು ಅವಳ ಹಿಮ್ಮಡಿ. ಒಂದು ಹೆಜ್ಜೆ ಊರಿ, ಕಾಲು ಕಿತ್ತು, ಅಂಗಾಲು ತಿರುಗಿಸಿ ನೋಡಿಕೊಳ್ಳುತ್ತಾಳೆ. ಮಣ್ಣು ದಪ್ಪಗೆ ಅಂಟಿಕೊಂಡೇ ಬಂದಿದೆ.

"ನೀರು ಇನ್ನೊಂಚೂರು ಬೇಕು ಅತ್ತಿಗೆ. ಇಷ್ಟು ಬಿಗಿ ಇದ್ರೆ ಯಂತ್ರದ ಹಲ್ಲಿಗೆಲ್ಲ ಮೆತ್ಕೊಳ್ಳುತ್ತೆ."

ಅತ್ತಿಗೆ ಕಾಲುವೆಗೆ ಅಡ್ಡ ಹಾಕಿದ್ದ ಮಣ್ಣನ್ನು ಕಾಲಿನಿಂದಲೇ ಸರಿಸುತ್ತಾಳೆ. ಬಗ್ಗಿದರೆ ಏಳಲು ಯಾರಾದರೂ ಕೈ ಕೊಡಬೇಕು. "ಲೇ ಹುಡುಗಿ, ಇದೇ ಕೊನೆ. ಇದೂ ಕೈಕೊಟ್ರೆ ಗದ್ದೆ ಗುತ್ತಿಗೆಗೆ ಕೊಟ್ಟು ಮನೇಲಿ ಕೂತ್ಕೋತೀನಿ. ಆಮೇಲೆ ದಿನಾ ನಿನ್ನ ಅಡುಗೆಗೆ ಹೆಸರಿಡ್ತೀನಿ, ನೋಡ್ತಿರು."

'ಹುಡುಗಿ'ಗೆ ಕಿವಿಯ ಪಕ್ಕ ಕೂದಲು ನರೆತಿದೆ.

ರಸ್ತೆ ತಿರುವಿನ ತಗಡಿನ ಶೆಡ್ಡಿನಲ್ಲಿ ಅವಳದು ವೆಲ್ಡಿಂಗ್ ಕೆಲಸ. ಮುರಿದ ಗೇಟು, ಕಿಟಕಿ ಸರಳು, ಸೈಕಲ್ ಸ್ಟ್ಯಾಂಡು ಎಲ್ಲ ಅವಳ ಕೈಗೇ ಬರುತ್ತವೆ. ತಾಯಿಯಿಲ್ಲದ ಮನೆಗೆ ಸೊಸೆಯಾಗಿ ಬಂದ ಅತ್ತಿಗೆಯೇ ಅವಳಿಗೆ ಜಡೆ ಹೆಣೆದು ಶಾಲೆಗೆ ಕಳಿಸಿದವಳು. "ಹೆಣ್ಣಿಗೆ ಬೆಂಕಿ ಜೊತೆ ಏನ್ ಕೆಲಸ ಅಂತ ಎಲ್ಲರೂ ಆಡ್ಕೊಂಡ್ರು. ಒಲೆ ಮುಂದೆ ಕೂತಾಗ ಯಾರೂ ಹಾಗನ್ನಲಿಲ್ವಲ್ಲ ಅಂತ ಅತ್ತಿಗೆ ಒಂದೇ ಮಾತಲ್ಲಿ ಬಾಯಿ ಮುಚ್ಚಿಸಿದ್ಲು" ಎಂದು ಕಿಡಿಯಕ್ಕ ನಗುತ್ತಾಳೆ.

ಅಣ್ಣ ತೀರಿಕೊಂಡ ಮೇಲೆ ಗದ್ದೆಯ ಭಾರವೆಲ್ಲ ಅತ್ತಿಗೆಯ ಮೇಲೆ ಬಿತ್ತು. ಕಳೆ ಕಿತ್ತೂ ಕಿತ್ತೂ ಸೊಂಟ ಸೋತಿತು, ತೋಳು ಭುಜದಿಂದ ಮೇಲೇಳದಾಯಿತು. ಈಗ ದಿನವೂ ಸಂಜೆ ಅವಳ ತಲೆ ಬಾಚುವುದು ನಾದಿನಿಯೇ.

ಕಳೆದ ಬೆಳೆಗೆ ಕಿಡಿಯಕ್ಕ ಮಾಡಿದ ಮೊದಲ ಯಂತ್ರ ಶೆಡ್ಡಿನ ಹಿಂದಿನ ಮರಳು ಮಣ್ಣಿನಲ್ಲಿ ಬೆಣ್ಣೆಯಲ್ಲಿ ಓಡಿದಂತೆ ಓಡಿತ್ತು. ಅತ್ತಿಗೆಯ ಗದ್ದೆಯದು ಜೇಡಿ ಮಣ್ಣು. ನಾಲ್ಕು ಹೆಜ್ಜೆಗೇ ಹಲ್ಲುಗಳ ಸಂದು ತುಂಬಿ ಚಕ್ರವೇ ಮಣ್ಣಿನುಂಡೆಯಾಯಿತು. ಬಲಿತ ಕಳೆ ಅಚ್ಚಿಗೆ ಸುತ್ತಿಕೊಂಡಿತು. ಪಕ್ಕದ ಪೈರು ಬೇರುಸಮೇತ ಎದ್ದು ಬಂತು.

"ಅತ್ತಿಗೆ ಬೈಲಿಲ್ಲ. ಎದ್ದುಬಂದ ಸಸೀನೆಲ್ಲ ಬಗ್ಗಿ ಬಗ್ಗಿ ಮತ್ತೆ ನೆಟ್ಲು. ಬೈದಿದ್ರೇ ವಾಸಿಯಿತ್ತು."

ಒಂದು ಸಂಜೆ ಬಾಚಣಿಗೆ ಸಿಕ್ಕಿಗೆ ತಗುಲಿ ಅತ್ತಿಗೆ ಗದರಿದಳು: "ಅಯ್ಯೋ, ಬುಡ ಹಿಡ್ಕೊಂಡು ಎಳಿಯೇ! ಚಿಕ್ಕೋಳಿದ್ದಾಗ ನಿಂಗೆ ನಾನು ಹಾಗೇ ಬಾಚ್ತಿರ್ಲಿಲ್ವಾ?" ಬಾಚಣಿಗೆ ಹಿಡಿದ ಕೈ ಅಲ್ಲೇ ನಿಂತಿತು: ಪೈರಿಗೂ ಹಾಗೇ ಬುಡ ಹಿಡಿಯಬೇಕಿತ್ತು.

ಹೊಸ ಯಂತ್ರಕ್ಕೆ ಎರಡೂ ಪಕ್ಕ ತಗಡಿನ ರೆಕ್ಕೆಗಳಿವೆ. ಹಲ್ಲು ಕಳೆಯನ್ನು ಎಳೆಯುವಾಗ ಅವು ಪೈರಿನ ಬುಡದ ಮಣ್ಣು ಅಲುಗದಂತೆ ತಡೆಯುತ್ತವೆ, ಹರಡಿದ ಎಲೆಗಳನ್ನು ಮೆಲ್ಲಗೆ ಆಚೆ ಸರಿಸುತ್ತವೆ. ಹಲ್ಲುಗಳು ಗಿಡ್ಡ, ವಿರಳ. ಪೈರಿನ ಬೇರಿಗೆ ತಾಗುವಷ್ಟು ಆಳಕ್ಕೆ ಇಳಿಯುವುದಿಲ್ಲ. ಸಂದಿನ ಮಣ್ಣು ಕೆರೆದು ಬೀಳಿಸಲು ಕಬ್ಬಿಣದ ಪಟ್ಟಿಗಳು. ಹಿಡಿಯನ್ನು ಕಿಡಿಯಕ್ಕ ಅತ್ತಿಗೆಯನ್ನೇ ನಿಲ್ಲಿಸಿ, ಅವಳ ಎತ್ತರಕ್ಕೆ ಅಳೆದು ಬೆಸುಗೆ ಹಾಕಿದ್ದಾಳೆ.

ಕಳೆ ಎಳೆಯದಾಗಿರುವಾಗಲೇ ಈ ಸಲ ಗದ್ದೆಗೆ ಬಂದಿದ್ದಾರೆ. ನೀರು ತೆಳುವಾಗಿ ಹರಡಿದೆ. ಕಿಡಿಯಕ್ಕ ಮತ್ತೆ ಕಾಲು ಊರಿ ಕಿತ್ತು ನೋಡುತ್ತಾಳೆ. ಮಣ್ಣು ಜಾರಿ ಬೀಳುತ್ತದೆ. ಅತ್ತಿಗೆ ಹಿಡಿ ಹಿಡಿಯುತ್ತಾಳೆ. ಮುಂದಕ್ಕೆ ತಳ್ಳಿ, ತುಸು ಹಿಂದಕ್ಕೆ ಎಳೆದು, ಮತ್ತೆ ತಳ್ಳುತ್ತಾ ಸಾಲಿನುದ್ದಕ್ಕೂ ನಡೆಯುತ್ತಾಳೆ. ನಾದಿನಿ ಹಿಂದಿನಿಂದ ಬರುತ್ತಾ, ವಾಲಿದ ಒಂದೆರಡು ಸಸಿಗಳನ್ನು ಅತ್ತಿಗೆಗೆ ಕಾಣುವ ಮುಂಚೆಯೇ ನೆಟ್ಟಗೆ ಮಾಡುತ್ತಾಳೆ.

"ನಂಗೆ ದೊಡ್ಡ ಆಸೆಯೇನಿಲ್ಲ. ಸಂಜೆ ಬಾಚಿಸ್ಕೊಂಡಾದ್ಮೇಲೆ ಅತ್ತಿಗೆ ತಾನೇ ಎದ್ದು ಹೋದ್ರೆ ಸಾಕು" ಎನ್ನುತ್ತಾಳೆ ಕಿಡಿಯಕ್ಕ.

ಸಾಲಿನ ಕೊನೆಯಲ್ಲಿ ಅತ್ತಿಗೆ ನಿಲ್ಲುತ್ತಾಳೆ. ಎಂದಿನಂತೆ ನೋವಿಗೆ ಕೈ ಸೊಂಟಕ್ಕೆ ಹೋಗುವುದಿಲ್ಲ. ತಿರುಗಿ, ಪೈರಿನ ನಡುವೆ ತೆರೆದುಕೊಂಡ ಕೆಸರಿನ ದಾರಿಯನ್ನು ಕಣ್ಣು ಕಿರಿದು ಮಾಡಿ ನೋಡುತ್ತಾಳೆ.

"ಬೈತಲೆ ಸ್ವಲ್ಪ ಸೊಟ್ಟ ಕಣೇ. ನನ್ನ ತಲೇಲೂ ಹೀಗೇ ತೆಗೀತೀಯ."

"ಗುತ್ತಿಗೆ ವಿಷಯ ಏನಾಯ್ತು?"

"ಯಾವ ಗುತ್ತಿಗೆ?" ಎನ್ನುತ್ತಾ ಅತ್ತಿಗೆ ಯಂತ್ರವನ್ನು ಮುಂದಿನ ಸಾಲಿಗೆ ತಿರುಗಿಸುತ್ತಾಳೆ.